ಮಾತನಾಡದ ವಾದ್ಯವೃಂದ

ನಮ್ಮ ಬಾಲ್ಯದ ಗೆಳೆಯರಾದ ಗವಾಯಿಗಳ ಮನೆಯಲ್ಲಿ ಇತ್ತೀಚಿನ ವರ್ಷಗಳಲ್ಲಿ ನಡೆದ ಸಂಗತಿಯೊಂದನ್ನು ಓದುಗರ ಮುಂದಿಡಬೇಕೆಂದು ಬಹುದಿನಗಳಿಂದ ಆಲೋಚಿಸುತ್ತಿದ್ದೆವು. ವಿಷಯವು ಗಣಕಯಂತ್ರದಲ್ಲಿ ಸಂಗೀತ ಸಂಯೋಜಿಸುವುದಕ್ಕೆ ಸಂಬಂಧಿಸಿದ್ದು. ಹಳೆಯ ಗ್ರಂಥಗಳ ಪುಟ ತಿರುವುತ್ತಲೇ ಆಯುಷ್ಯ ಕಳೆದ ನಮಗೂ ಇದಕ್ಕೂ ಏನು ನಂಟೆಂದು ಕೆಲವರು ಕೇಳಬಹುದು. ನಂಟು ಇಷ್ಟೇ: ಆ ಮನೆಯಲ್ಲಿ ಆದ ಮೊದಲ ತಪ್ಪು ನಮ್ಮದು.

ಗವಾಯಿಗಳನ್ನು ನಾವು ಮೊದಲು ಕಂಡದ್ದು 1974ರಲ್ಲಿ, ಮಠದ ಪ್ರಸಾದನಿಲಯದಲ್ಲಿ. ನಾವು ಸಂಸ್ಕೃತ ಪಾಠಶಾಲೆಯ ವಿದ್ಯಾರ್ಥಿಗಳು. ಅವರು ಸಂಗೀತ ಕಲಿಯಲೆಂದು ಬಂದವರು. ನಾಲ್ಕನೆಯ ವಯಸ್ಸಿನಲ್ಲಿ ಮೈಲಿಬೇನೆಯಿಂದ ಅವರ ಎರಡೂ ಕಣ್ಣು ಹೋಗಿದ್ದವು. ಅಂಧ ಬಾಲಕರ ಕೈಗೆ ಸ್ವರವನ್ನು ಕೊಟ್ಟು ಸ್ವಂತ ಕಾಲ ಮೇಲೆ ನಿಲ್ಲಿಸಿದ ಗದುಗಿನ ಪಂಚಾಕ್ಷರಿ ಗವಾಯಿಗಳ ಮತ್ತು ಪುಟ್ಟರಾಜ ಗವಾಯಿಗಳ ಕೀರ್ತಿ ನಮ್ಮ ಓದುಗರಿಗೆ ಹೊಸದಲ್ಲ. ಆ ಪರಂಪರೆಯ ಶಿಷ್ಯರೊಬ್ಬರ ಬಳಿ ನಮ್ಮ ಗೆಳೆಯರು ಹಾರ್ಮೋನಿಯಂ ಕಲಿತರು. ಮುಂದೆ ಹತ್ತು ವರ್ಷ ಕಂಪನಿ ನಾಟಕಗಳಲ್ಲಿ ಕಾಲಿನಿಂದ ಗಾಳಿ ತುಂಬುವ ಪೇಟಿ ನುಡಿಸಿದರು. ಅನಂತರ ಶಾಲೆಯೊಂದರಲ್ಲಿ ಸಂಗೀತ ಮಾಸ್ತರರಾಗಿ 2018ರಲ್ಲಿ ನಿವೃತ್ತರಾದರು. ಅವರು ಸಂಯೋಜಿಸಿದ ಧಾಟಿಗಳು ಎಷ್ಟೆಂದು ಅವರಿಗೂ ತಿಳಿಯದು. ಬರೆದಿಟ್ಟದ್ದು ಇಲ್ಲ, ಎಲ್ಲವೂ ನೆನಪಿನಲ್ಲಿ.

2024ರ ಜನವರಿಯಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಮಾತು ಉಳಿಯಿತು, ಬಲಗೈ ಉಳಿಯಿತು. ಎಡಗೈ ಮತ್ತು ಎಡಗಾಲು ಸೋತವು. ಹಾರ್ಮೋನಿಯಂ ಬಲ್ಲವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಬಲಗೈ ಸ್ವರ ನುಡಿಸುವಾಗ ಎಡಗೈ ತಿದಿಯನ್ನು ಒತ್ತುತ್ತಿರಬೇಕು. ಗಾಳಿಯಿಲ್ಲದ ಪೇಟಿ ಬರಿಯ ಮರದ ಪೆಟ್ಟಿಗೆ. ಮೊಮ್ಮಗನನ್ನು ಕೂರಿಸಿಕೊಂಡು ತಿದಿ ಒತ್ತಿಸಿ ನೋಡಿದರು. ಹುಡುಗನ ಗಾಳಿಗೂ ಇವರ ಬೆರಳಿಗೂ ಹೊಂದಲಿಲ್ಲ. ಯುಗಾದಿಗೆ ನಾವು ಹೋದಾಗ ಪೇಟಿಯ ಮೇಲೆ ಕಂಬಳಿ ಹೊದಿಸಿತ್ತು. "ಶಾಸ್ತ್ರಿಗಳ, ನೂರಾರು ಧಾಟಿ ತಲ್ಯಾಗ ಅದಾವ್ರಿ. ನಾ ಹೋದ್ರ ಅವೂ ನನ್ನ ಕೂಡ ಹೋಗ್ತಾವ" ಎಂದರು. ದುಃಖದಿಂದ ಹೇಳಿದಂತೆ ಕಾಣಲಿಲ್ಲ. ಮನೆಯಲ್ಲಿ ಜೋಳ ಮುಗಿದಿದೆ ಎಂಬಂತೆ ಹೇಳಿದರು. ಅದೇ ನಮ್ಮನ್ನು ಹೆಚ್ಚು ಕಲಕಿತು.

ಮನೆಯಲ್ಲಿಯೇ ಗಣಕಯಂತ್ರ, ಕೀಬೋರ್ಡ್, ಮೈಕ್ ಇಟ್ಟುಕೊಂಡು ಪೂರ್ಣ ವಾದ್ಯವೃಂದದ ಸಂಗೀತ ಸಿದ್ಧಪಡಿಸುವವರು ಈಗ ಊರೂರಿಗೂ ಇದ್ದಾರೆ ಎಂದು ಕೇಳಿದ್ದೆವು. ಅಂಥ ಕೀಬೋರ್ಡಿಗೆ ತಿದಿಯಿಲ್ಲ. ಒಂದೇ ಕೈಯಿಂದ ಮೊದಲು ಒಂದು ವಾದ್ಯ, ಅದರ ಮೇಲೆ ಇನ್ನೊಂದು, ಹೀಗೆ ಪದರ ಪದರವಾಗಿ ನುಡಿಸಬಹುದು. ಗವಾಯಿಗಳಿಗೆ ಹೇಳಿದಾಗ ಅವರ ಮುಖದಲ್ಲಿ ಕಳೆ ಬಂದಿತು. ಶ್ರಾವಣಮಾಸದಲ್ಲಿ ಇಬ್ಬರೂ ಕೂಡಿ ನಗರದ ಅಂಗಡಿಯೊಂದಕ್ಕೆ ಹೋದೆವು.

ಅಂಗಡಿಯ ತರುಣನು ಮೌಸ್ ಹಿಡಿದು ಒಂದು ತಂತ್ರಾಂಶವನ್ನು ತೆರೆದನು. ಪರದೆಯ ಮೇಲೆ ಮೆರುಗೆಣ್ಣೆ ಹಚ್ಚಿದ ಪಿಟೀಲುಗಳು, ಹಿತ್ತಾಳೆಯ ಕಹಳೆಗಳು, ಅರ್ಧಚಂದ್ರಾಕಾರದಲ್ಲಿ ಕುರ್ಚಿಗಳು. ಅವನು ಒಂದು ಕುರ್ಚಿಯ ಮೇಲೆ ಒತ್ತಿದರೆ ಚೆಲ್ಲೊ, ಇನ್ನೊಂದರ ಮೇಲೆ ಒತ್ತಿದರೆ ಕೊಳಲು. ನಾವು ಮರುಳಾದೆವು. ಗವಾಯಿಗಳು ನಾದವನ್ನು ಕೇಳಿ ತಲೆದೂಗಿ, "ನಿಮ್ಮ ಕಣ್ಣಿಗೆ ಬರೋಬ್ಬರಿ ಕಂಡ್ರ ತಗೊಳ್ಳೋಣ್ರಿ" ಎಂದರು. ನಮ್ಮ ಕಣ್ಣಿಗೆ ಬರೋಬ್ಬರಿಯಾಗಿಯೇ ಕಂಡಿತು. ಅವರ ನಿವೃತ್ತಿಯ ಹಣದಲ್ಲಿ 38,000 ರೂಪಾಯಿ ಆ ದಿನ ಅಂಗಡಿಯಲ್ಲಿ ಉಳಿಯಿತು.

ಕುರುಡರ ಗಣಕಯಂತ್ರವು ಪರದೆಯ ಮೇಲಿನದನ್ನು ಓದಿ ಹೇಳುತ್ತದೆ. ಹಾಗೆ ಓದುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎನ್ನುವರು. ಅವುಗಳಲ್ಲಿ ಎನ್‌ವಿಡಿಎ ಎಂಬುದು ಉಚಿತ. ಆಸ್ಟ್ರೇಲಿಯದ ಮೈಕೆಲ್ ಕರನ್ ಎಂಬ ಅಂಧ ತರುಣ 2006ರಲ್ಲಿ ಅದನ್ನು ಆರಂಭಿಸಿದರು, ಅವರೊಡನೆ ದುಡಿದ ಜೇಮ್ಸ್ ಟೆ ಅವರೂ ಅಂಧರೇ. ಗವಾಯಿಗಳು ಶಾಲೆಯಲ್ಲಿದ್ದಾಗಲೇ ಅದನ್ನು ಬಳಸಲು ಕಲಿತಿದ್ದರು. ಆದರೆ ನಾವು ಕೊಂಡುತಂದ ವಾದ್ಯವೃಂದವನ್ನು ತೆರೆದಾಗ ಅದು ಹೇಳಿದ್ದು ಒಂದೇ ಮಾತು: "ಪೇನ್." ಬಾಣದ ಕೀಲಿ ಒತ್ತಿದರೆ ಮತ್ತೆ "ಪೇನ್." ಗವಾಯಿಗಳಿಗೆ ಅಲ್ಪಸ್ವಲ್ಪ ಇಂಗ್ಲಿಷ್ ಬರುತ್ತದೆ. "ಯಾಕ್ರೀ ಶಾಸ್ತ್ರಿಗಳ, ಇದಕ್ಕೂ ನೋವು ಅದ ಏನು?" ಎಂದು ಕೇಳಿದರು. ಕಿಟಕಿಯ ಗಾಜಿಗೂ ಆ ಭಾಷೆಯಲ್ಲಿ ಅದೇ ಉಚ್ಚಾರವೆಂದು ಆಮೇಲೆ ನಮಗೆ ತಿಳಿಯಿತು. ಆ ಸುಂದರವಾದ ಕುರ್ಚಿಗಳು, ಪಿಟೀಲುಗಳು ಎಲ್ಲವೂ ಕೇವಲ ಚಿತ್ರ. ಚಿತ್ರದಲ್ಲಿ ಅಕ್ಷರವಿಲ್ಲದಿದ್ದರೆ ಓದುವ ಯಂತ್ರ ಓದುವುದೇನನ್ನು? ಅಂಗಡಿಗೆ ಮರಳಿ ಹೋದೆವು. ಪರವಾನಗಿಯ ಸಂಖ್ಯೆಯನ್ನು ಒಮ್ಮೆ ಬಳಸಿದ ಮೇಲೆ ಹಣ ಹಿಂದಿರುಗಿಸುವ ಪದ್ಧತಿಯಿಲ್ಲ ಎಂದರು. ಅವರ ತಪ್ಪೂ ಅಲ್ಲ. ಕೊಳ್ಳುವವರು ಕಾಣದವರೆಂದು ತಿಳಿದೂ ನಾವು ಒಂದು ಪ್ರಶ್ನೆಯನ್ನಾದರೂ ಕೇಳಲಿಲ್ಲ.

ಆ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಪಿಯುಸಿ ಎರಡನೆಯ ವರ್ಷದಲ್ಲಿ ಓದುತ್ತಿದ್ದ ನಮ್ಮ ಮಗಳ ಮಗಳಿಗೆ ಎಲ್ಲವನ್ನೂ ಹೇಳಿದೆವು. ಅವಳು ನಗಲಿಲ್ಲ, ಬೈಯಲೂ ಇಲ್ಲ. ರವಿವಾರ ಗವಾಯಿಗಳ ಮನೆಗೆ ನಮ್ಮೊಡನೆ ಬಂದವಳು ಮೊದಲು ಮಾಡಿದ ಕೆಲಸವೆಂದರೆ ಪರದೆಯ ಗುಂಡಿಯನ್ನು ಒತ್ತಿ ಅದನ್ನು ಕಪ್ಪಾಗಿಸಿದ್ದು. "ಅಜ್ಜಾ, ಮೊದಲ ಪರದೆ ಆರಿಸೋಣು. ಆಮೇಲೆ ತಂತ್ರಾಂಶ ಆರಿಸೋಣು" ಎಂದಳು. ವ್ಯಾಕರಣ ಓದಿದ ನಮಗೆ ಆ ಎರಡು ಆರಿಸುವಿಕೆಗಳ ಅಂತರ ಅಂದಿನವರೆಗೆ ಹೊಳೆದಿರಲಿಲ್ಲ.

ಅನಂತರದ ಆಯ್ಕೆ ಮೂರು ವಾರಗಳ ಕೆಲಸವಾಯಿತು. ಸಂಗೀತ ತಂತ್ರಾಂಶಗಳಲ್ಲಿ ಎರಡು ಬಗೆಯಿವೆ. ಒಂದು ಬಗೆಯಲ್ಲಿ ಸ್ವರಗಳನ್ನು ಐದು ಗೆರೆಗಳ ಪಾಶ್ಚಾತ್ಯ ಲಿಪಿಯಲ್ಲಿ ಬರೆಯುತ್ತಾರೆ, ಯಂತ್ರ ಅದನ್ನು ನುಡಿಸುತ್ತದೆ. ಇನ್ನೊಂದು ಬಗೆಯಲ್ಲಿ ನಾವೇ ನುಡಿಸುತ್ತೇವೆ ಅಥವಾ ಹಾಡುತ್ತೇವೆ, ಯಂತ್ರ ಅದನ್ನು ಪದರಗಳಲ್ಲಿ ಹಿಡಿದಿಡುತ್ತದೆ. ಮೊದಲನೆಯ ಬಗೆಯಲ್ಲಿ ಮ್ಯೂಸ್‌ಸ್ಕೋರ್ ಎಂಬುದು ಉಚಿತ. 2022ರ ಡಿಸೆಂಬರಿನಲ್ಲಿ ಬಂದ ಅದರ ನಾಲ್ಕನೆಯ ಆವೃತ್ತಿಯೊಡನೆ ವಾದ್ಯವೃಂದದ ಒಳ್ಳೆಯ ನಾದಗಳನ್ನೂ ಉಚಿತವಾಗಿ ಕೊಟ್ಟರು, ಸ್ಕ್ರೀನ್ ರೀಡರಿಗೂ ಅದು ಒಗ್ಗುತ್ತದೆ. ಪಾಶ್ಚಾತ್ಯ ಲಿಪಿ ಬಲ್ಲ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಆರಂಭ ಬೇರೆ ಬೇಕಾಗಿಲ್ಲ ಎಂದು ನಮ್ಮ ಎಣಿಕೆ. ಆದರೆ ಗವಾಯಿಗಳ ಸಂಗೀತ ಹುಟ್ಟುವುದು ಬೆರಳಲ್ಲಿ, ಲಿಪಿಯಲ್ಲಲ್ಲ.

ಆಪಲ್ ಕಂಪನಿಯ ಲಾಜಿಕ್ ಎಂಬ ತಂತ್ರಾಂಶವನ್ನು ಅಂಧ ಸಂಗೀತಗಾರರು ಚೆನ್ನಾಗಿ ಬಳಸುತ್ತಾರೆ, ಆ ಕಂಪನಿಯ ಗಣಕಯಂತ್ರದಲ್ಲಿ ಓದುವ ದನಿ ಒಳಗೇ ಇರುತ್ತದೆ. ಅದಕ್ಕೆ ಆ ಕಂಪನಿಯ ಯಂತ್ರವೇ ಬೇಕು. ಇನ್ನೊಮ್ಮೆ ಗವಾಯಿಗಳ ಗಂಟಿಗೆ ಕೈ ಹಾಕಲು ನಮಗೆ ಧೈರ್ಯವಿರಲಿಲ್ಲ. ಇದೇ ಹೊತ್ತಿಗೆ, 2024ರ ಆಗಸ್ಟಿನಲ್ಲಿ, ಫಿನಾಲೆ ಎಂಬ ಹೆಸರಾಂತ ಸ್ವರಲಿಪಿ ತಂತ್ರಾಂಶದ ಒಡೆಯರು ಅದನ್ನು ಮುಂದೆ ಬೆಳೆಸುವುದಿಲ್ಲವೆಂದು ಸಾರಿದ ಸುದ್ದಿ ಬಂದಿತು. ಅದು 1988ರಿಂದ ನಡೆದುಬಂದದ್ದು. ಅದರಲ್ಲೇ ಬಾಳೆಲ್ಲ ಬರೆದವರು ಕಂಗಾಲಾದರಂತೆ. ಓಲೆಗರಿಗೆ ಹುಳು ಹತ್ತುವುದನ್ನು ಕಂಡ ನಮಗೆ ಇದು ವಿಚಿತ್ರವೆನಿಸಲಿಲ್ಲ. ಯಾವ ತಂತ್ರಾಂಶ ಕೊಂಡರೂ ಪ್ರತಿಯೊಂದು ಧಾಟಿಯನ್ನು ಮಿಡಿ ಎಂಬ ಸಾಮಾನ್ಯ ರೂಪದಲ್ಲಿಯೂ ಕಾದಿರಿಸಬೇಕೆಂದು ಅಂದೇ ನಿರ್ಧರಿಸಿದೆವು. ಮಿಡಿ ಎಂದರೆ ನಾದವಲ್ಲ. ಯಾವ ಮನೆಯನ್ನು, ಎಷ್ಟು ಬಲದಿಂದ, ಎಷ್ಟು ಹೊತ್ತು ಒತ್ತಿದರೆಂಬ ಲೆಕ್ಕ. 1983ರಲ್ಲಿ ಒಪ್ಪಿಕೊಂಡ ಆ ಲೆಕ್ಕವನ್ನು ಇಂದಿಗೂ ಎಲ್ಲ ಕಂಪನಿಗಳ ತಂತ್ರಾಂಶಗಳೂ ಓದುತ್ತವೆ.

ಕೊನೆಗೆ ನಿಂತದ್ದು ರೀಪರ್ ಎಂಬ ತಂತ್ರಾಂಶದ ಮೇಲೆ. ವಿನ್‌ಆ್ಯಂಪ್ ಎಂಬ ಹಾಡು ನುಡಿಸುವ ತಂತ್ರಾಂಶವನ್ನು ಹಿಂದೆ ಮಾಡಿದ್ದ ಜಸ್ಟಿನ್ ಫ್ರಾಂಕೆಲ್ ಅವರದೇ ಇದೂ. 60 ದಿನ ಬಳಸಿ ನೋಡಬಹುದು. ಆಮೇಲೆ ಮನೆಯ ಬಳಕೆಯ ಪರವಾನಗಿಗೆ 60 ಡಾಲರ್, ನಮ್ಮ ಹಣದಲ್ಲಿ ಆಗ ಸುಮಾರು 5,000 ರೂಪಾಯಿ. ಅದಕ್ಕೆ ಒಸಾರಾ ಎಂಬ ಉಚಿತ ಜೋಡಣೆಯುಂಟು. ಮೇಲೆ ಹೇಳಿದ ಜೇಮ್ಸ್ ಟೆ ಅವರೇ ಅದನ್ನು ಆರಂಭಿಸಿದವರು. ಎರಡೂ ಸೇರಿದರೆ ರೀಪರ್ ಮಾತನಾಡುತ್ತದೆ. ಬಾಣದ ಕೀಲಿಯಿಂದ ಪದರದಿಂದ ಪದರಕ್ಕೆ ಇಳಿದರೆ ಪ್ರತಿಯೊಂದರ ಹೆಸರು ಹೇಳುತ್ತದೆ. ದನಿಯ ಮಟ್ಟ ಏರಿಸಿದರೆ ಎಷ್ಟೆಂದು ಹೇಳುತ್ತದೆ. ಎಫ್ 12 ಒತ್ತಿಟ್ಟು ಯಾವ ಕೀಲಿ ಮುಟ್ಟಿದರೂ ಅದರ ಕೆಲಸವೇನೆಂದು ತಿಳಿಸುತ್ತದೆ. ಪರದೆ ಕಪ್ಪಾಗಿಯೇ ಇತ್ತು. ಗವಾಯಿಗಳು ಮೊದಲ ದಿನವೇ ತಾವಾಗಿ ಎರಡು ಪದರಗಳನ್ನು ತೆರೆದರು.

ಒಂದು ತೊಡಕು ಬಂದಿತು. ಹೊಸ ಪದರಕ್ಕೆ ಕಂಟ್ರೋಲ್ ಮತ್ತು ಟಿ ಎರಡನ್ನೂ ಒಟ್ಟಿಗೆ ಒತ್ತಬೇಕು. ಒಂದೇ ಕೈಯವರಿಗೆ ಇಂಥ ಜೋಡಿ ಕೀಲಿಗಳು ದೊಡ್ಡ ಪೀಡೆ. ಶಿಫ್ಟ್ ಕೀಲಿಯನ್ನು ಐದು ಸಲ ಒತ್ತಿದರೆ ವಿಂಡೋಸಿನಲ್ಲಿ ಸ್ಟಿಕಿ ಕೀಸ್ ಎಂಬ ಏರ್ಪಾಡು ಎಚ್ಚರವಾಗುತ್ತದೆ. ಆಗ ಒಂದಾದ ಮೇಲೊಂದರಂತೆ ಒತ್ತಿದರೂ ಯಂತ್ರ ಅದನ್ನು ಜೋಡಿಯೆಂದೇ ತಿಳಿಯುತ್ತದೆ. ಪಾರ್ಶ್ವವಾಯುವಿನಿಂದ ಬಳಲಿದವರು ಮನೆಯಲ್ಲಿದ್ದರೆ, ಸಂಗೀತಕ್ಕಲ್ಲದಿದ್ದರೂ ಪತ್ರ ಬರೆಯಲಾದರೂ ಇದನ್ನು ತಿಳಿಸಿಕೊಡಿರಿ. ಹಲವರ ಮನೆಯ ಯಂತ್ರದಲ್ಲಿ ಇದು ಇದ್ದೂ ಗೊತ್ತಿರುವುದಿಲ್ಲ.

ಇನ್ನು ನಾದಗಳ ಪ್ರಶ್ನೆ. ಯಂತ್ರದೊಳಗಿನ ವಾದ್ಯವೃಂದವೆಂದರೆ ನಿಜವಾದ ವಾದಕರು ಒಂದೊಂದೇ ಸ್ವರವನ್ನು ಮೆಲ್ಲಗೆ, ಜೋರಾಗಿ, ಕಮಾನು ಎಳೆದು, ಬೆರಳಿನಿಂದ ಮೀಟಿ ನುಡಿಸಿದ ಧ್ವನಿಮುದ್ರಣಗಳ ಭಂಡಾರ. 2019ರಲ್ಲಿ ಲಂಡನ್ನಿನ ಮೇಡಾ ವೇಲ್ ಸ್ಟುಡಿಯೋದಲ್ಲಿ ಮುದ್ರಿತವಾದ ಬಿಬಿಸಿ ವಾದ್ಯವೃಂದದ ಭಂಡಾರ ಹೊರಬಂದಿತು. ಅದರ ಪೂರ್ಣರೂಪಕ್ಕೆ ಸುಮಾರು 600 ಗಿಗಾಬೈಟ್ ಜಾಗ ಬೇಕಿತ್ತು. ಗವಾಯಿಗಳ ಗಣಕಯಂತ್ರದ ಒಟ್ಟು ಜಾಗವೇ 256. ಮರುವರ್ಷ ಅದರ ಚಿಕ್ಕ ರೂಪವೊಂದು ಬಂದಿತು, ಸುಮಾರು 200 ಮೆಗಾಬೈಟಿನದು; ಆಗ ಒಂದು ಪ್ರಶ್ನಾವಳಿಯನ್ನು ತುಂಬಿ ಎರಡು ವಾರ ಕಾದವರಿಗೆ ಉಚಿತ. ದೊಡ್ಡದು ದೊರೆಯದವರಿಗೆ ಚಿಕ್ಕದು ಸಾಕೆಂದು ನಮ್ಮ ಮೊಮ್ಮಗಳು ತಿಳಿದವಳಲ್ಲ. ಅವಳು ಹುಡುಕಿದ್ದು ಬೇರೆಯದನ್ನು: ಪ್ರತಿಯೊಂದು ವಾದ್ಯವೂ ಒಂದು ಬಿಡಿ ಕಡತವಾಗಿ, ಅದರ ಹೆಸರು ಅಕ್ಷರದಲ್ಲಿಯೇ ಇರುವಂಥ ಭಂಡಾರವನ್ನು.

ಅಂಥದ್ದು ಇದೆ. ಎಸ್‌ಎಫ್‌ಝಡ್ ಎಂಬ ಪದ್ಧತಿಯಲ್ಲಿ ವಾದ್ಯದ ವಿವರವೆಲ್ಲ ಸಾಮಾನ್ಯ ಅಕ್ಷರದ ಕಡತದಲ್ಲಿರುತ್ತದೆ. ಪಾಲ್ ಬ್ಯಾಟರ್ಸ್‌ಬಿ ಎಂಬವರು ಬೇರೆ ಬೇರೆ ಕಡೆ ಉಚಿತವಾಗಿ ದೊರೆಯುವ ಮುದ್ರಣಗಳನ್ನು ಕೂಡಿಸಿ ವರ್ಚುವಲ್ ಪ್ಲೇಯಿಂಗ್ ಆರ್ಕೆಸ್ಟ್ರಾ ಎಂಬ ಭಂಡಾರವನ್ನು ಆ ಪದ್ಧತಿಯಲ್ಲಿ ಸಿದ್ಧಪಡಿಸಿ ಹಂಚಿದ್ದಾರೆ. ಅದನ್ನು ನುಡಿಸುವ ಸ್ಫೋರ್ಜಾಂಡೊ ಎಂಬ ಉಪಕರಣವೂ ಉಚಿತ. ಆ ಉಪಕರಣದ ಮುಖವೂ ಚಿತ್ರವೇ ಎಂಬುದು ಬೇಸರದ ಸಂಗತಿ. ಅದಕ್ಕೆ ಅವಳು ಕಂಡುಕೊಂಡ ದಾರಿ ಹೀಗಿದೆ. ಕಣ್ಣುಳ್ಳವರು ಒಂದು ಸಲ ಕುಳಿತು ಒಂದೊಂದು ಪದರದಲ್ಲಿ ಒಂದೊಂದು ವಾದ್ಯವನ್ನು ಹೊಂದಿಸಿ, ಅದನ್ನು ರೀಪರಿನಲ್ಲಿ ಟ್ರ್ಯಾಕ್ ಟೆಂಪ್ಲೇಟ್ ಆಗಿ ಹೆಸರಿಟ್ಟು ಕಾದಿರಿಸುವುದು. ಆಮೇಲೆ ಗವಾಯಿಗಳು ಹೆಸರನ್ನು ಕೇಳಿ ಎಂಟರ್ ಒತ್ತಿದರೆ ವಾದ್ಯ ಸಿದ್ಧ. ಎರಡು ರವಿವಾರಗಳಲ್ಲಿ 24 ವಾದ್ಯಗಳಿಗೆ ಹೀಗೆ ಹೆಸರಿಟ್ಟಳು. ಹೆಸರುಗಳನ್ನು ಗವಾಯಿಗಳೇ ಕೊಟ್ಟರು. ಡಬಲ್ ಬಾಸಿಗೆ "ಗೌಡ್ರು" ಎಂದೂ ಓಬೋಗೆ "ಶಹನಾಯಿಯ ತಮ್ಮ" ಎಂದೂ ಅವರ ಯಂತ್ರದಲ್ಲಿ ಹೆಸರಿದೆ. ಯಂತ್ರದ ಕನ್ನಡ ದನಿ ಮೂಗಿನಲ್ಲಿ ಉಸುರಿದಂತೆ ಅದನ್ನು ಓದುವಾಗ ಮನೆಮಂದಿಯೆಲ್ಲ ನಗುತ್ತಾರೆ.

ಒಂದು ದಿನ ದೂರವಾಣಿ ಬಂದಿತು: ಕೊಳಲು ಕೆಟ್ಟಿದೆ, ಕೆಳಗಿನ ಸ್ವರಗಳು ನುಡಿಯುವುದಿಲ್ಲ ಎಂದು. ಹೋಗಿ ನೋಡಿದರೆ ಕೊಳಲು ಕೆಟ್ಟಿರಲಿಲ್ಲ. ಪಾಶ್ಚಾತ್ಯ ಕೊಳಲಿನ ತೀರ ಕೆಳಗಿನ ಸ್ವರ ಕೀಬೋರ್ಡಿನ ನಡುವಿನ ಸಿ. ಅದರ ಕೆಳಗೆ ನಿಜವಾದ ಕೊಳಲಿಗೇ ಸ್ವರವಿಲ್ಲ, ಮುದ್ರಿಸಿದವರು ಎಲ್ಲಿಂದ ತಂದಾರು? ಪಿಟೀಲು ಅದಕ್ಕಿಂತ ಸ್ವಲ್ಪ ಕೆಳಗಿನ ಜಿ ವರೆಗೆ ಇಳಿಯುತ್ತದೆ, ಚೆಲ್ಲೊ ಇನ್ನೂ ಕೆಳಗಿನ ಸಿ ವರೆಗೆ. ಇದನ್ನು ಕೇಳಿ ಗವಾಯಿಗಳು ಸಂತೋಷಪಟ್ಟರು. ಇಲ್ಲದ್ದನ್ನು ಇಲ್ಲವೆಂದೇ ಹೇಳುವ ಯಂತ್ರ ನಂಬಿಕಸ್ಥ ಎಂಬುದು ಅವರ ಅಭಿಪ್ರಾಯ.

ಇನ್ನೊಂದು ದೂರನ್ನು ನಾವು ಮೊದಲು ನಂಬಲಿಲ್ಲ. ಬೆರಳು ಒತ್ತಿದ ಮೇಲೆ ದನಿ ತಡವಾಗಿ ಬರುತ್ತದೆ ಎಂದರು. ನಮಗೆ ಏನೂ ತಿಳಿಯಲಿಲ್ಲ. "ತಬಲಾದವ್ರು ಅಂಗಳದಾಚೆ ಕಟ್ಟಿ ಮ್ಯಾಲ ಕುಂತಂಗ ಆಗ್ತದ" ಎಂದು ಅವರು. ಮೊಮ್ಮಗಳು ಲೆಕ್ಕ ಹಾಕಿದಳು. ಯಂತ್ರವು ಸೆಕೆಂಡಿಗೆ 44,100 ತುಣುಕುಗಳಾಗಿ ನಾದವನ್ನು ಉಂಟುಮಾಡುತ್ತದೆ. 1,024 ತುಣುಕುಗಳನ್ನು ಕೂಡಿಟ್ಟು ಒಮ್ಮೆಗೆ ಹೊರಬಿಡುತ್ತಿತ್ತು. ಅದರಿಂದ ಆಗುವ ತಡ ಸೆಕೆಂಡಿನ ಸಾವಿರದಲ್ಲಿ 23 ಪಾಲು. ಅಷ್ಟು ಹೊತ್ತಿನಲ್ಲಿ ಶಬ್ದ ಗಾಳಿಯಲ್ಲಿ ಸುಮಾರು 8 ಮೀಟರ್ ಸಾಗುತ್ತದೆ. ಅಂಗಳದ ಅಳತೆಯೂ ಹೆಚ್ಚುಕಡಿಮೆ ಅಷ್ಟೇ! ಆಡಿಯೋ ಇಂಟರ್‌ಫೇಸ್ ಎಂಬ ಪೆಟ್ಟಿಗೆಯೊಂದನ್ನು ಹಳೆಯದನ್ನೇ ತಂದು, ತುಣುಕುಗಳನ್ನು 256ಕ್ಕೆ ಇಳಿಸಿದ ಮೇಲೆ ತಬಲಾದವರು ಪಕ್ಕಕ್ಕೆ ಬಂದು ಕುಳಿತರು.

ಪಿಟೀಲಿನ ನಾದ ಉಬ್ಬಿ ಇಳಿಯಬೇಕಾದರೆ ಕೀಬೋರ್ಡಿನ ಎಡಗಡೆಯ ಚಕ್ರವನ್ನು ತಿರುಗಿಸುತ್ತಿರಬೇಕು. ಅದು ಎಡಗೈಯ ಕೆಲಸ. ಅದಿಲ್ಲದೆ ಪಿಟೀಲು ಹೆಣದಂತೆ ಒಂದೇ ಸಮನೆ ನುಡಿಯುತ್ತಿತ್ತು. ಇಲ್ಲಿ ದಾರಿ ತೋರಿದವರು ಗವಾಯಿಗಳೇ. "ಕಂಪನಿ ಪೇಟಿಗೆ ಕಾಲಿಲೇ ಗಾಳಿ ಹಾಕ್ತಿದ್ವಿ. ಇದಕ್ಯಾಕ ಆಗೂದಿಲ್ಲ?" ಎಂದರು. ಎಕ್ಸ್‌ಪ್ರೆಷನ್ ಪೆಡಲ್ ಎಂಬ ಕಾಲೊತ್ತು ಇದೆಯೆಂದು ಆಗ ತಿಳಿಯಿತು. ಚಕ್ರದ ಕೆಲಸವನ್ನು ಅದಕ್ಕೆ ವಹಿಸಿದೆವು. ಬಲಗಾಲನ್ನು ಅದರ ಮೇಲಿಟ್ಟು ಗವಾಯಿಗಳು ಚೆಲ್ಲೊದ ಒಂದೇ ಷಡ್ಜವನ್ನು ಹಿಡಿದು ಎಬ್ಬಿಸಿ ಇಳಿಸಿದರು. ಮತ್ತೆ ಎಬ್ಬಿಸಿದರು. ಅವರ ಮನೆಯವರು ಅಡುಗೆಮನೆಯಿಂದ ಹೊರಬಂದು ಬಾಗಿಲಲ್ಲಿ ನಿಂತರು. ಎಂಟು ತಿಂಗಳ ಮೇಲೆ ಆ ಮನೆಯಲ್ಲಿ ಗವಾಯಿಗಳ ಕೈಯ ನಾದ ಉಸಿರಾಡಿದ್ದು ಅಂದು.

ಎಲ್ಲವೂ ಸರಿಹೋಯಿತೆಂದು ಹೇಳಲಾರೆವು. ಭೀಮಪಲಾಸ ರಾಗದ ಧಾಟಿಯನ್ನು ಪಿಟೀಲಿನಲ್ಲಿ ನುಡಿಸಿದಾಗ ಕೋಮಲ ಗಾಂಧಾರ ಮೊಳೆ ಹೊಡೆದಂತೆ ನಿಂತಿತು. ಮಧ್ಯಮದಿಂದ ಜಾರಿ ಬರಬೇಕಾದ ಸ್ವರವದು. ಸ್ವರವನ್ನು ಬಾಗಿಸುವ ಇನ್ನೊಂದು ಚಕ್ರ ಉಂಟು. ಸಾಮಾನ್ಯವಾಗಿ ಅದು ಮೇಲಕ್ಕೂ ಕೆಳಕ್ಕೂ ಎರಡೆರಡು ಅರ್ಧಸ್ವರಗಳಷ್ಟೇ ಬಾಗುತ್ತದೆ. ಮಧ್ಯಮದಿಂದ ಕೋಮಲ ಗಾಂಧಾರಕ್ಕೆ ಸಾಕಾದೀತು, ಪಂಚಮದಿಂದ ಎಳೆದರೆ ಸಾಲದು. ಮೇಲಾಗಿ ಮುದ್ರಿತ ಸ್ವರವನ್ನು ಹಾಗೆ ಬಾಗಿಸಿದರೆ ಅದು ಜಾರುವುದಿಲ್ಲ, ಕರಗುತ್ತದೆ. ನಮ್ಮ ಮೊಮ್ಮಗಳು ಇನ್ನೂ ಹೆಚ್ಚಿನ ಬೆಲೆಯ ಭಂಡಾರಗಳನ್ನು ಹುಡುಕುತ್ತೇನೆಂದಳು. ಗವಾಯಿಗಳು ಬೇಡವೆಂದರು. ಹಾರ್ಮೋನಿಯಮ್ಮಿಗೆ ಮೀಂಡ್ ಬಾರದೆಂಬ ಆಕ್ಷೇಪವೂ ಸೇರಿ ಆಕಾಶವಾಣಿ ಅದನ್ನು 1940ರಿಂದ 1971ರ ವರೆಗೆ ದೂರವಿಟ್ಟಿತ್ತು. "ನಮ್ಮ ಪೇಟಿ ಮೂವತ್ತೊಂದು ವರ್ಷ ರೇಡಿಯೋ ಬಾಗಿಲ ಹೊರಗ ನಿಂತಿತ್ತವ್ವಾ. ಈ ಪಿಟೀಲೂ ಸ್ವಲ್ಪ ನಿಲ್ಲಲಿ. ಧಾಟಿ ನಾ ಹಾಡ್ತೇನಿ, ಅವು ಹಿಂದ ಕುಂಡ್ರಲಿ" ಎಂದರು. ಹಾಗೆಯೇ ಆಯಿತು. ಚೆಲ್ಲೊ ಮತ್ತು ಗೌಡರು ಷಡ್ಜ ಪಂಚಮಗಳನ್ನು ಹಿಡಿದಿರುತ್ತಾರೆ, ಕೊಳಲು ಸಾಲುಗಳ ನಡುವೆ ಉತ್ತರ ಕೊಡುತ್ತದೆ, ಧಾಟಿ ಮಾತ್ರ ಕಂಠದ್ದು. ಪಾಶ್ಚಾತ್ಯರ ಸ್ವರಮೇಳವನ್ನು ರಾಗದ ಮೇಲೆ ಹೇರಿದ ಸಿನಿಮಾ ಧಾಟಿಗಳನ್ನು ಕೇಳಿ ಕೇಳಿ ದಣಿದ ನಮ್ಮ ಕಿವಿಗೆ ಇದೇ ಹಿತವೆನಿಸುತ್ತದೆ. ಬೇರೆಯವರ ರುಚಿ ಬೇರೆಯಿರಬಹುದು.

ಹಾಡನ್ನು ಮುದ್ರಿಸಿದ ಮೊದಲ ದಿನ ಮಾತ್ರ ನಗೆಪಾಟಲಾಯಿತು. ಧ್ವನಿವರ್ಧಕ ತೆರೆದೇ ಇತ್ತು. ಪಲ್ಲವಿಯ ನಡುವೆ ಮೂಗಿನ ದನಿಯೊಂದು "ಗೌಡ್ರು, ಆರ್ಮ್ಡ್" ಎಂದು ಘೋಷಿಸಿದ್ದೂ ಹಾಡಿನೊಡನೆ ಮುದ್ರಿತವಾಗಿತ್ತು. ಅಂದಿನಿಂದ ಹೆಡ್‌ಫೋನ್ ಕಡ್ಡಾಯ.

ಕಳೆದುಹೋದ 38,000 ರೂಪಾಯಿಯನ್ನು ನಾವು ತುಂಬಿಕೊಡಲು ಹೋದಾಗ ಗವಾಯಿಗಳು ಮುಟ್ಟಲಿಲ್ಲ. ಎರಡು ಬಾರಿ ಒತ್ತಾಯಿಸಿದೆವು. ಮೂರನೆಯ ಬಾರಿ ಅವರಿಗೆ ಸಿಟ್ಟು ಬಂದಿತು. "ನೀವು ಕಣ್ಣಿಲೇ ನೋಡಿದ್ರಿ, ನಾ ಕಿವಿಲೇ ಕೇಳಿದ್ನಿ. ಇಬ್ಬರೂ ಕೂಡೇ ಮೋಸ ಹೋದ್ವಿ. ನಿಮ್ಮೊಬ್ಬರದ ಹೆಂಗಾತು ತಪ್ಪು?" ಎಂದರು. ಕೀಬೋರ್ಡಿನ ಪೆಡಲಿನ ಬೆಲೆಯನ್ನು ಮಾತ್ರ, ಅದೂ ಮೊಮ್ಮಗಳ ಕೈಯಿಂದ, ಕೊಡಲು ಒಪ್ಪಿದರು. ಆ ಮೊದಲ ವಾದ್ಯವೃಂದ ಅವರ ಗಣಕಯಂತ್ರದಲ್ಲಿ ಈಗಲೂ ಇದೆ. ಅದರಿಂದಲೂ ಟೆಂಪ್ಲೇಟುಗಳನ್ನು ಮಾಡಬಹುದೇ ಎಂದು ಮೊಮ್ಮಗಳು ಪ್ರಯತ್ನಿಸುತ್ತಿದ್ದಾಳೆ. ಇದುವರೆಗೆ ಮೂರು ವಾದ್ಯಗಳು ಬಾಯಿ ಬಿಟ್ಟಿವೆ.

ಇದುವರೆಗೆ 41 ಧಾಟಿಗಳು ಯಂತ್ರ ಸೇರಿವೆ. ಪ್ರತಿಯೊಂದಕ್ಕೂ ಮಿಡಿ ಪ್ರತಿಯಿದೆ. ಒಂದು ನಕಲು ಅವರ ಮನೆಯ ಪೆನ್ ಡ್ರೈವಿನಲ್ಲಿ, ಇನ್ನೊಂದು ನಮ್ಮ ಓಲೆಗರಿಯ ಕಪಾಟಿನಲ್ಲಿ. ಕಳೆದ ಗುರುವಾರ ನಾವು ಹೋದಾಗ ಗವಾಯಿಗಳು ನಲವತ್ತೆರಡನೆಯದರ ಮೇಲಿದ್ದರು. ಹಿಂದೆ ಯಾವುದೋ ನಾಟಕಕ್ಕೆಂದು ಕಟ್ಟಿದ ಧಾಟಿಯಂತೆ, ಅಂತರೆಯ ಎರಡನೆಯ ಸಾಲು ಮರೆತಿದೆ. ಒಂದು ಗಂಟೆ ಹುಡುಕಿದರು, ಸಿಗಲಿಲ್ಲ. ಆ ಸಾಲಿನ ಜಾಗವನ್ನು ಖಾಲಿ ಬಿಟ್ಟು, ಕೆಳಗೆ ಗೌಡರ ಷಡ್ಜವನ್ನಷ್ಟೇ ಹಿಡಿದಿಟ್ಟು, ಮುಂದಿನ ಸಾಲಿಗೆ ಹೋದರು.